ಬೆಳಗ್ಗೆ 9.4, ಮಧ್ಯಾಹ್ನ 8.6: ನಮ್ಮ ಎಚ್‌ಪಿಎಲ್‌ಸಿ ಪೀಕ್ ಯಾಕೆ ಓಡುತ್ತಿದೆ?

ಪವನ_ಭೋಸರಿ · ಮಂಗಳವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಭೋಸರಿಯಲ್ಲಿ ಒಂದು ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್‌ನಲ್ಲಿದ್ದೇನೆ. ಸೇರಿ ಎಂಟು ತಿಂಗಳಾಯಿತು. ಊರು ಜಮಖಂಡಿ. ಲ್ಯಾಬ್‌ನಲ್ಲಿ ಎಲ್ಲರೂ ಮರಾಠಿಯಲ್ಲಿ ಬೈಯುತ್ತಾರೆ, ಅದಕ್ಕೆ ಕನ್ನಡದಲ್ಲಿ ಕೇಳೋಣ ಅಂತ ಇಲ್ಲಿಗೆ ಬಂದೆ.

ಔಷಧದಲ್ಲಿ ಬೆರೆತಿರುವುದನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ನಮ್ಮದು. ಕಾಲಮ್ (ಪುಡಿ ತುಂಬಿದ ಕೊಳವೆ) ಸಿ18, 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸ, 5 ಮೈಕ್ರಾನ್ ಕಣ. ಓಡಿಸುವ ದ್ರವ ಫಾಸ್ಫೇಟ್ ಬಫರ್ (ಉಪ್ಪು ಕರಗಿದ ನೀರು) ಮತ್ತು ಅಸಿಟೋನೈಟ್ರೈಲ್ 60:40, ನಿಮಿಷಕ್ಕೆ 1 ಎಂಎಲ್. ಬೆಳಗ್ಗೆ ಮೊದಲ ಇಂಜೆಕ್ಷನ್‌ನಲ್ಲಿ ಮುಖ್ಯ ಪೀಕ್ (ಔಷಧ ಹೊರಬಂದಾಗ ಗ್ರಾಫ್‌ನಲ್ಲಿ ಏಳುವ ಶಿಖರ) 9.4 ನಿಮಿಷಕ್ಕೆ ಬರುತ್ತದೆ. ಊಟ ಮುಗಿಸಿ ಬಂದು ನೋಡಿದರೆ 9.0. ಮೂರು ಗಂಟೆಗೆ 8.6. ಮರುದಿನ ಬೆಳಗ್ಗೆ ಮತ್ತೆ 9.4! ಇದರ ಜೊತೆ ಪೀಕ್‌ಗೆ ಬಾಲ ಬೇರೆ, ಟೇಲಿಂಗ್ 1.9, ಲಿಮಿಟ್ 2.0.

ಸೀನಿಯರ್ ಹೇಳುವುದು ಕಾಲಮ್ ಸತ್ತಿದೆ, ಹೊಸದು ತರಿಸು ಅಂತ. ಆ ಕಾಲಮ್ ರೇಟು ನನ್ನ ಸಂಬಳಕ್ಕಿಂತ ಜಾಸ್ತಿ, ಮತ್ತು ಲಾಗ್‌ಬುಕ್‌ನಲ್ಲಿ ಕೊನೆಗೆ ಬಳಸಿದವನು ಅಂತ ಇರುವುದು ನನ್ನ ಹೆಸರು. ಏನು ಮಾಡಲಿ?

ಜಿಸಿ_ಗೌಡ, ವೆರ್ಣಾ · ರಾತ್ರಿ 9:52

ಕಾಲಮ್ ಸತ್ತಿದೆ. ಬದಲಾಯಿಸು. ನೆಕ್ಸ್ಟ್.

ಡೊಂಬಿವಿಲಿ_ಅಕ್ಕ · ರಾತ್ರಿ 10:05

ಗೌಡ್ರೇ, ಸತ್ತ ಕಾಲಮ್ ದಿನಾ ಬೆಳಗ್ಗೆ ಎದ್ದು ಕೂರುತ್ತದಾ? ಹುಡುಗ ಅಷ್ಟು ಸ್ಪಷ್ಟವಾಗಿ ಬರೆದಿದ್ದಾನೆ, ಮರುದಿನ ಮತ್ತೆ 9.4 ಅಂತ. ಕಾಲಮ್ ಕೆಟ್ಟರೆ ಕೆಟ್ಟಂತೆಯೇ ಇರುತ್ತದೆ, ರಾತ್ರಿ ಮಲಗಿ ಎದ್ದರೆ ಸರಿಹೋಗಲು ಅದಕ್ಕೇನು ಜ್ವರವಾ?

ಪವನ, ಒಂದು ವಿಷಯ ನೋಡಿ ಹೇಳು. ಕ್ರೊಮ್ಯಾಟೋಗ್ರಾಮ್ (ಯಂತ್ರ ಬಿಡಿಸುವ ಗ್ರಾಫ್) ಶುರುವಿನಲ್ಲಿ, ಎರಡು ಎರಡೂವರೆ ನಿಮಿಷದ ಹತ್ತಿರ, ಒಂದು ಸಣ್ಣ ಉಬ್ಬು ಬರುತ್ತದೆ ಅಲ್ವಾ? ಕಾಲಮ್‌ನಲ್ಲಿ ಎಲ್ಲೂ ನಿಲ್ಲದೆ ನೇರ ಹೊರಗೆ ಬರುವ ಸರಕು ಅದು. ಅದೂ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಓಡುತ್ತಿದೆಯಾ, ಇದ್ದಲ್ಲೇ ಇದೆಯಾ?

ಬಂಟರ_ಹುಡುಗ_ಠಾಣೆ · ರಾತ್ರಿ 10:11

ಪಂಪ್‌ನಲ್ಲಿ ಗಾಳಿ ಸೇರಿರಬೇಕು. ಪ್ರೆಷರ್ ಕುಣಿಯುತ್ತಿದೆಯಾ ನೋಡು. ಪರ್ಜ್ ವಾಲ್ವ್ ಬಿಚ್ಚಿ ಐದು ನಿಮಿಷ ಜೋರಾಗಿ ಓಡಿಸು. ಮೊಬೈಲ್ ಫೇಸ್ (ಓಡಿಸುವ ದ್ರವ) ಸೋನಿಕೇಟರ್‌ನಲ್ಲಿ ಇಟ್ಟು ಗಾಳಿ ತೆಗೆದಿದ್ದೀಯಾ ಇಲ್ವಾ?

ಪವನ_ಭೋಸರಿ · ರಾತ್ರಿ 10:20

ಸೋನಿಕೇಟ್ ಮಾಡಿದ್ದೇನೆ ಅಣ್ಣ, 0.45 ಮೈಕ್ರಾನ್ ಫಿಲ್ಟರ್ ಕೂಡ ಆಗಿದೆ. ಪ್ರೆಷರ್ ಗಟ್ಟಿಯಾಗಿ ನಿಂತಿದೆ, ಕುಣಿಯುತ್ತಿಲ್ಲ. ಹೌದು, ಮಧ್ಯಾಹ್ನ ಸ್ವಲ್ಪ ಕಮ್ಮಿ ತೋರಿಸುತ್ತದೆ. ಅಕ್ಕ, ಆ ಉಬ್ಬು ನಾನು ಯಾವತ್ತೂ ಗಮನಿಸಿಲ್ಲ. ನಾಳೆ ಪ್ರಿಂಟ್ ತೆಗೆದು ನೋಡುತ್ತೇನೆ.

ಬ್ಯಾಂಕ್_ರಾಯರು · ರಾತ್ರಿ 10:31

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಬ್ಯಾಂಕಿನವನು, ಮುಲುಂಡ್‌ನಲ್ಲಿದ್ದೇನೆ. ಮಗಳು ಬಿ.ಫಾರ್ಮಾ. ಅವಳು ದಿನಾ ಈ ಎಚ್‌ಪಿಎಲ್‌ಸಿ ಹೆಸರು ಹೇಳುತ್ತಾಳೆ, ನಾನು ತಲೆ ಆಡಿಸುತ್ತೇನೆ. ಈ ಯಂತ್ರ ಒಳಗೆ ಏನು ಮಾಡುತ್ತದೆ ಅಂತ ಯಾರಾದರೂ ಸರಳವಾಗಿ ಹೇಳುತ್ತೀರಾ?

ಲಕ್ಷ್ಮೀರೋಡ್_ಶೆಟ್ಟರು · ರಾತ್ರಿ 10:48

ರಾಯರೇ, ಪುಣೆಯ ಲಕ್ಷ್ಮೀ ರೋಡ್ ಗೊತ್ತಾ? ಎರಡೂ ಕಡೆ ಸೀರೆ ಅಂಗಡಿ. ಒಂದು ತುದಿಯಲ್ಲಿ ಗಂಡ ಹೆಂಡತಿಯರ ಒಂದು ಗುಂಪನ್ನು ಒಟ್ಟಿಗೆ ಬಿಡಿ. ಗಂಡಸರು ಸೀದಾ ನಡೆದು ಇನ್ನೊಂದು ತುದಿಗೆ ಬಂದು ಚಹಾ ಕುಡಿಯುತ್ತಾ ನಿಲ್ಲುತ್ತಾರೆ. ಹೆಂಗಸರು ಪ್ರತಿ ಅಂಗಡಿಗೂ ಹೋಗಿ ಒಂದು ಗಂಟೆ ತಡವಾಗಿ ಬರುತ್ತಾರೆ. ಶುರುವಿನಲ್ಲಿ ಕಲೆತಿದ್ದ ಗುಂಪು ಕೊನೆಯಲ್ಲಿ ಎರಡಾಯಿತು. ರಸ್ತೆ ಅಂದರೆ ಕಾಲಮ್, ಅಂಗಡಿಗಳು ಒಳಗಿನ ಸಿಲಿಕಾ ಪುಡಿ, ಕೊನೆಯಲ್ಲಿ ನಿಂತು ಎಣಿಸುವವನು ಡಿಟೆಕ್ಟರ್.

ಡೊಂಬಿವಿಲಿ_ಅಕ್ಕ · ರಾತ್ರಿ 10:57

ಶೆಟ್ಟರೇ, ನಿಮ್ಮ ಮನೆಯವರಿಗೆ ಈ ಪೋಸ್ಟ್ ತೋರಿಸಿ, ಆಮೇಲೆ ನಿಮ್ಮ ರಿಟೆನ್ಶನ್ ಟೈಮ್, ಅಂದರೆ ಹೊರಗೆ ಬರಲು ಹಿಡಿಯುವ ಹೊತ್ತು, ಹೇಳಿ 😄

ಉದಾಹರಣೆಗೆ ಒಂದು ತಿದ್ದುಪಡಿ. ಜನ ಸಾಮಾನ್ಯವಾಗಿ ತಿಳಿಯುವುದು ಒಂದು ಅಣು ಜೋರಾಗಿ ನಡೆಯುತ್ತದೆ, ಇನ್ನೊಂದು ನಿಧಾನ ಅಂತ. ಹಾಗಿಲ್ಲ. ರಸ್ತೆಯ ಮೇಲಿರುವಷ್ಟು ಹೊತ್ತು ಎಲ್ಲರ ನಡಿಗೆ ಒಂದೇ, ಯಾಕೆಂದರೆ ನಡೆಸುವುದು ದ್ರವ. ವ್ಯತ್ಯಾಸ ಇರುವುದು ಅಂಗಡಿಯೊಳಗೆ ಯಾರು ಎಷ್ಟು ಹೊತ್ತು ಕೂತರು ಅನ್ನುವುದರಲ್ಲಿ ಮಾತ್ರ. ಸಿ18 ಅಂದರೆ ಸಿಲಿಕಾ ಕಣದ ಮೈಮೇಲೆ ಹದಿನೆಂಟು ಕಾರ್ಬನ್ ಉದ್ದದ ಕೂದಲು ನೆಟ್ಟಂತೆ, ಎಣ್ಣೆಯ ಗುಣದ್ದು. ಎಣ್ಣೆ ಗುಣದ ಅಣು ಆ ಕೂದಲಲ್ಲಿ ಜಾಸ್ತಿ ಹೊತ್ತು ಕೂರುತ್ತದೆ, ನೀರಿನ ಗುಣದ್ದು ಬೇಗ ಎದ್ದು ಹೋಗುತ್ತದೆ. ಅಸಿಟೋನೈಟ್ರೈಲ್ ಜಾಸ್ತಿ ಮಾಡಿದರೆ ಕೂತವರನ್ನೂ ಬೇಗ ಎಬ್ಬಿಸುತ್ತದೆ.

ಪವನನ ಪೀಕ್ 9.4ಕ್ಕೆ ಬರುತ್ತದೆ, ಎಲ್ಲೂ ಕೂರದ ಉಬ್ಬು ಸುಮಾರು 2.5ಕ್ಕೆ. ಅಂದರೆ ಆ ಅಣು ಹತ್ತಿರ ಹತ್ತಿರ ಏಳು ನಿಮಿಷ ಅಂಗಡಿಯೊಳಗೇ ಇತ್ತು. ನಾನು ಆ ಉಬ್ಬನ್ನು ಕೇಳಿದ್ದು ಅದಕ್ಕೇ. ಉಬ್ಬೂ ಓಡಿದರೆ ಪಂಪ್‌ನ ದೋಷ. ಉಬ್ಬು ನಿಂತಲ್ಲೇ ನಿಂತು ಪೀಕ್ ಮಾತ್ರ ಓಡಿದರೆ ಅಂಗಡಿಯೊಳಗೆ ಏನೋ ಬದಲಾಗಿದೆ.

ಬ್ಯಾಂಕ್_ರಾಯರು · ರಾತ್ರಿ 11:02

ಅರ್ಥವಾಯಿತು ತಾಯಿ. ಇಪ್ಪತ್ತು ವರ್ಷ ಕ್ಯಾಶ್ ಕೌಂಟರ್‌ನಲ್ಲಿ ಕೂತವನಿಗೆ ಇದು ಸುಲಭ.

ಮಾಟುಂಗಾ_ಮಾಮ · ಬುಧವಾರ, ಬೆಳಗ್ಗೆ 6:15

ನಾನು ರಿಟೈರ್ ಆಗಿ ಆರು ವರ್ಷವಾಯಿತು, ಆದರೂ ಎಚ್‌ಪಿಎಲ್‌ಸಿ ಅಂದರೆ ನಿದ್ದೆ ಬರಲ್ಲ. ಪವನ, ಕಾಲಮ್ ದುಬಾರಿ ಅಂತ ಅಳಬೇಡ. 2008ರ ಕೊನೆ, 2009ರಲ್ಲಿ ನಾವು ಅಸಿಟೋನೈಟ್ರೈಲ್‌ಗೇ ಅತ್ತಿದ್ದೇವೆ. ಕಾರಣ ಕೇಳಿದರೆ ನಗು ಬರುತ್ತದೆ. ಅಸಿಟೋನೈಟ್ರೈಲ್‌ನ ಬಹುಪಾಲನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಅಕ್ರಿಲೋನೈಟ್ರೈಲ್ ತಯಾರಿಸುವಾಗ ಜೊತೆಗೆ ಸಿಗುವ ಸರಕು ಅದು. ಅಕ್ರಿಲೋನೈಟ್ರೈಲ್ ಹೋಗುವುದು ಕಾರಿನ ಪ್ಲಾಸ್ಟಿಕ್‌ಗೆ, ಅಕ್ರಿಲಿಕ್ ಉಣ್ಣೆಗೆ. ಆ ವರ್ಷ ಜಗತ್ತಿನ ಕಾರು ಮಾರಾಟ ಬಿತ್ತು, ಬೀಜಿಂಗ್ ಒಲಿಂಪಿಕ್ಸ್‌ಗೆ ಅಂತ ಚೀನಾದಲ್ಲಿ ಕಾರ್ಖಾನೆ ಮುಚ್ಚಿಸಿದರು. ಯಾರೋ ಎಲ್ಲೋ ಕಾರು ಕೊಳ್ಳಲಿಲ್ಲ, ಇಲ್ಲಿ ತಳೋಜಾದಲ್ಲಿ ನಮ್ಮ ಬಾಟಲಿ ಖಾಲಿ!

ನಾವು ಕೆಲವು ಮೆಥಡ್ ಮೆಥನಾಲ್‌ಗೆ ಬದಲಾಯಿಸಿದೆವು. ಮೆಥನಾಲ್ ಮತ್ತು ನೀರು ಬೆರೆತರೆ ಮಂದವಾಗುತ್ತದೆ, ಅರ್ಧ ಅರ್ಧ ಇದ್ದಾಗಂತೂ ಹೆಚ್ಚು. ಪ್ರೆಷರ್ ಏರಿ ಏರಿ ಹಳೆ ಪಂಪ್ ಎಮ್ಮೆ ಹಾಗೆ ಕೂಗುತ್ತಿತ್ತು.

ಜಿಸಿ_ಗೌಡ, ವೆರ್ಣಾ · ಬೆಳಗ್ಗೆ 8:20

ಅಕ್ಕ, ಒಪ್ಪಿದೆ, ನಿನ್ನೆ ಆತುರಪಟ್ಟೆ. ಆದರೆ ಬಾಟಲಿಯ ಮುಚ್ಚಳ ತೆರೆದಿಟ್ಟಿದ್ದರೆ? ಅಸಿಟೋನೈಟ್ರೈಲ್ ಹಾರಿಹೋಗಿ ಪ್ರಮಾಣ ಬದಲಾಗಬಹುದಲ್ಲ?

ಡೊಂಬಿವಿಲಿ_ಅಕ್ಕ · ಬೆಳಗ್ಗೆ 8:26 (ಲೋಕಲ್‌ನಿಂದ, ನಿಂತುಕೊಂಡು)

ಹಾರಿಹೋದರೆ ನೀರಿನ ಪಾಲು ಜಾಸ್ತಿ ಆಗುತ್ತದೆ, ಪೀಕ್ ತಡವಾಗಬೇಕು. ಇವನದ್ದು ಬೇಗ ಬರುತ್ತಿದೆ. ಉಲ್ಟಾ.

ಜಿಸಿ_ಗೌಡ, ವೆರ್ಣಾ · ಬೆಳಗ್ಗೆ 8:31

ಮತ್ತೆ ಸೋತೆ. ನಾನು ಜಿಸಿಯವನು (ಗ್ಯಾಸ್ ಕ್ರೊಮ್ಯಾಟೋಗ್ರಫಿ), ನಮಗೆ ದ್ರವದ ತಲೆನೋವೇ ಇಲ್ಲ 😌

ಕಲಬುರಗಿ_ಕನ್ಯೆ · ಬೆಳಗ್ಗೆ 10:15

ಯಾರೂ ಹೇಳಲಿಲ್ಲ ಅಂತ ನಾನು ಹೇಳುತ್ತೇನೆ. ಪವನಣ್ಣ, ಗಾಬರಿಯಲ್ಲಿ ಕಾಲಮ್ ತೊಳೆಯಲು ಹೋಗಬೇಡಿ. ನಾನು ಸೇರಿದ ಎರಡನೇ ವಾರ ಅದನ್ನೇ ಮಾಡಿದೆ. ಫಾಸ್ಫೇಟ್ ಬಫರ್ ಓಡುತ್ತಿದ್ದ ಕಾಲಮ್‌ಗೆ ನೇರವಾಗಿ ನೂರಕ್ಕೆ ನೂರು ಅಸಿಟೋನೈಟ್ರೈಲ್ ಬಿಟ್ಟೆ. ಫಾಸ್ಫೇಟ್ ಉಪ್ಪು ಅದರಲ್ಲಿ ಕರಗಲ್ಲ. ಉಪ್ಪೆಲ್ಲ ಕಾಲಮ್ ಒಳಗೇ ಹರಳಾಗಿ ಕೂತಿತು. ಪ್ರೆಷರ್ 2,000 ಪಿಎಸ್‌ಐ ಇದ್ದದ್ದು ಕಣ್ಣೆದುರೇ ಏರುತ್ತಾ ಹೋಯಿತು, ಪಂಪ್ ತಾನೇ ನಿಂತಿತು, ಬೀಪ್ ಬೀಪ್ ಬೀಪ್. ಇಡೀ ಲ್ಯಾಬ್ ನನ್ನ ಕಡೆ ತಿರುಗಿ ನೋಡಿತು. ಮೊದಲು ಬಫರ್ ಇಲ್ಲದ ಬರೀ ನೀರು ಜಾಸ್ತಿ ಇರುವ ಮಿಶ್ರಣ, 90:10, ಅರ್ಧ ಗಂಟೆ. ಆಮೇಲೆ ನಿಧಾನವಾಗಿ ಅಸಿಟೋನೈಟ್ರೈಲ್. ಇದನ್ನು ಕೈಮೇಲೆ ಹಚ್ಚೆ ಹಾಕಿಸಿಕೊಳ್ಳಿ.

ಮಾಟುಂಗಾ_ಮಾಮ · ಬೆಳಗ್ಗೆ 10:22

ಮಗಳೇ, ಇದನ್ನು ಒಮ್ಮೆ ಮಾಡದವನು ಅನಲಿಸ್ಟೇ ಅಲ್ಲ. ನಾನು ಎರಡು ಸಲ ಮಾಡಿದ್ದೇನೆ.

ಮಡಗಾಂವ್_ಮಂಜು · ಬೆಳಗ್ಗೆ 11:40

ಬೇರ್ಪಡಿಸುವುದಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ ಸ್ವಾಮಿ? ನಮ್ಮ ಓನರ್ ಬಾಯಿಯ (ಮನೆಯೊಡತಿಯ) ಅಣ್ಣ ಮಡಕೆಯಲ್ಲೇ ಮಾಡುತ್ತಾರೆ. ಈಗ ಮಾರ್ಚ್, ಗೋಡಂಬಿ ಹಣ್ಣಿನ ಕಾಲ. ಹಣ್ಣು ತುಳಿದು, ರಸ ಹುಳಿಬರಿಸಿ, ಒಮ್ಮೆ ಬಟ್ಟಿ ಇಳಿಸಿದರೆ ಉರಾಕ್. ಉರಾಕ್‌ಗೆ ರಸ ಸೇರಿಸಿ ಮತ್ತೆ ಇಳಿಸಿದರೆ ಫೆಣಿ. 2009ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ. ಡಿಟೆಕ್ಟರ್ ನಾಲಿಗೆ.

ಜಿಸಿ_ಗೌಡ, ವೆರ್ಣಾ · ಮಧ್ಯಾಹ್ನ 12:05

ಮಂಜು, ಈಗ ನನ್ನ ಅಂಗಳಕ್ಕೆ ಬಂದೆ. ಬಟ್ಟಿಯಲ್ಲಿ ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಆದರೂ ಎಷ್ಟು ಸಲ ಇಳಿಸಿದರೂ ತೂಕದಲ್ಲಿ ನೂರಕ್ಕೆ 95.6ರ ಆಚೆ ಹೋಗಲ್ಲ, ಅಲ್ಲಿ ಎರಡೂ ಕೈ ಹಿಡಿದುಕೊಂಡೇ ಕುದಿಯುತ್ತವೆ. ನನ್ನ ಜಿಸಿಯಲ್ಲಿ ಒಂದು ಮೈಕ್ರೋಲೀಟರ್ ಫೆಣಿ ಹಾಕು. 30 ಮೀಟರ್ ಉದ್ದದ ಕೂದಲಿನಂಥ ಕೊಳವೆ, ಒಳವ್ಯಾಸ ಕಾಲು ಮಿಲಿಮೀಟರ್, ಸುರುಳಿ ಸುತ್ತಿ ಓವನ್‌ನಲ್ಲಿ ನೇತುಹಾಕಿರುತ್ತೇವೆ. ಹೀಲಿಯಂ ಗಾಳಿ ತಳ್ಳುತ್ತದೆ. ಮೊದಲು ಮೆಥನಾಲ್ ಸಣ್ಣ ಪೀಕ್, ಆಮೇಲೆ ಎಥನಾಲ್ ಗುಡ್ಡ, ಸ್ವಲ್ಪ ಹೊತ್ತಿಗೆ ಈಥೈಲ್ ಅಸಿಟೇಟ್, ತಡವಾಗಿ ಐಸೊಅಮೈಲ್ ಆಲ್ಕೊಹಾಲ್. ನಿನ್ನ ಓನರ್ ಬಾಯಿಯ ಅಣ್ಣನ ನಾಲಿಗೆಗೆ ಮೆಥನಾಲ್ ಎಷ್ಟಿದೆ ಅಂತ ಗೊತ್ತಾಗುತ್ತದಾ?

ಡೊಂಬಿವಿಲಿ_ಅಕ್ಕ · ಮಧ್ಯಾಹ್ನ 1:10

ಮಂಜು ತಮಾಷೆಗೆ ಹೇಳಿದರೂ ಸಂಬಂಧ ಇದೆ. ನಾವು ದಿನಾ ರಿಪೋರ್ಟ್‌ನಲ್ಲಿ ಥಿಯರೆಟಿಕಲ್ ಪ್ಲೇಟ್ಸ್ ಅಂತ ಬರೆಯುತ್ತೇವಲ್ಲ, ಕಾಲಮ್ ಒಳಗೆ ಯಾವ ಪ್ಲೇಟೂ ಇಲ್ಲ. ಆ ಮಾತು ಬಟ್ಟಿ ಇಳಿಸುವವರದ್ದು. ಅವರ ಗೋಪುರಗಳಲ್ಲಿ ತಟ್ಟೆಯ ಮೇಲೆ ತಟ್ಟೆ ಇರುತ್ತದೆ, ಪ್ರತಿ ತಟ್ಟೆಯಲ್ಲೂ ಆವಿ ಒಮ್ಮೆ ತಣಿದು ಮತ್ತೆ ಎದ್ದು, ಇನ್ನಷ್ಟು ಶುದ್ಧವಾಗಿ ಮೇಲೆ ಹೋಗುತ್ತದೆ. 1941ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮತ್ತು ಸಿಂಜ್ ಆ ಲೆಕ್ಕವನ್ನು ಕ್ರೊಮ್ಯಾಟೋಗ್ರಫಿಗೆ ತಂದರು. ಇಬ್ಬರೂ ಉಣ್ಣೆಯ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಿದ್ದವರು, 1952ರಲ್ಲಿ ನೊಬೆಲ್ ಬಂತು. ಓನರ್ ಬಾಯಿಯ ಅಣ್ಣ ಎರಡು ಸಲ ಇಳಿಸುತ್ತಾರೆ. ಪವನನ ಕಾಲಮ್ ಚೆನ್ನಾಗಿದ್ದರೆ ಒಂದು ಗೇಣುದ್ದದಲ್ಲಿ ಹತ್ತು ಸಾವಿರ ಸಲ ಇಳಿಸಿದಷ್ಟು ಕೆಲಸ ಮಾಡುತ್ತದೆ.

ಮಡಗಾಂವ್_ಮಂಜು · ಮಧ್ಯಾಹ್ನ 1:14

ಹತ್ತು ಸಾವಿರ ಸಲ ಇಳಿಸಿದ ಫೆಣಿ! ಬುಕ್ ಮಾಡಿಕೊಳ್ಳಿ 🙏

ವೇದಿಕೆ_ನಿರ್ವಾಹಕ · ಮಧ್ಯಾಹ್ನ 1:20

ಮಂಜು, ಸಾಕು. ಪೀಕ್ ಕಡೆ ಬನ್ನಿ.

ಬಂಟರ_ಹುಡುಗ_ಠಾಣೆ · ಮಧ್ಯಾಹ್ನ 1:45

ಈ ಕ್ರೊಮ್ಯಾಟೋಗ್ರಫಿಗೆ ಕನ್ನಡದಲ್ಲಿ ಏನನ್ನೋಣ? ವರ್ಣಲೇಖನ?

ಬ್ಯಾಂಕ್_ರಾಯರು · ಮಧ್ಯಾಹ್ನ 1:58

ಬಣ್ಣ ಎಲ್ಲಿದೆ ಇದರಲ್ಲಿ? ಪವನನ ಔಷಧ ನೀರಿನಂತೆ ಇರುತ್ತದಲ್ಲ.

ಕಲಬುರಗಿ_ಕನ್ಯೆ · ಮಧ್ಯಾಹ್ನ 2:10

ಮೊದಲು ಬಣ್ಣ ಇತ್ತು ಸರ್. ರಷ್ಯಾದ ತ್ಸ್ವೆತ್ ಅನ್ನುವ ಸಸ್ಯವಿಜ್ಞಾನಿ ಎಲೆಯ ರಸವನ್ನು ಸುಣ್ಣಕಲ್ಲಿನ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಇಳಿಸಿದ. ಹಸಿರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ನಿಂತವು. 1906ರಲ್ಲಿ ಈ ಹೆಸರಿಟ್ಟ. ಮಜಾ ಏನಂದರೆ ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಅಂದರೇ ಬಣ್ಣ! ತನ್ನ ಹೆಸರನ್ನೇ ಸದ್ದಿಲ್ಲದೆ ಸೇರಿಸಿದನೋ ಏನೋ. ನಿಮ್ಮ ಮನೆಯಲ್ಲೂ ನೋಡಬಹುದು. ಬಿಳಿ ಸೀಮೆಸುಣ್ಣದ ಬುಡದಿಂದ ಒಂದು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಗೆರೆ ಎಳೆದು, ತಟ್ಟೆಯಲ್ಲಿ ಸ್ವಲ್ಪವೇ ನೀರಿಟ್ಟು ನಿಲ್ಲಿಸಿ. ಗೆರೆ ನೀರಿಗೆ ತಾಗಬಾರದು. ಕಪ್ಪು ಒಡೆದು ನೀಲಿ, ನೇರಳೆ ಮೇಲೇರುತ್ತವೆ.

ಬ್ಯಾಂಕ್_ರಾಯರು · ಸಂಜೆ 4:30

ಮಾಡಿದೆ! ನೀಲಿ ಎಲ್ಲಕ್ಕಿಂತ ಮೇಲೆ ಹೋಯಿತು, ಕೆಳಗೆ ಗುಲಾಬಿಯಂಥದ್ದು ಉಳಿಯಿತು. ಮಗಳು ನಗುತ್ತಿದ್ದಾಳೆ.

ಮಾಟುಂಗಾ_ಮಾಮ · ಸಂಜೆ 5:05

ರಾಯರೇ, ನಗುವ ವಿಷಯವೂ ಹೌದು, ಅಲ್ಲದ್ದೂ ಹೌದು. 1986ರಲ್ಲಿ ಇಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಅಂತ ಕೊಟ್ಟ ಔಷಧದಿಂದ 14 ಜನ ಸತ್ತರು. ಅದರಲ್ಲಿ ಡೈಈಥಿಲೀನ್ ಗ್ಲೈಕಾಲ್ ಸೇರಿತ್ತು. ಎರಡೂ ಬಣ್ಣವಿಲ್ಲದ್ದು, ಎರಡೂ ಮಂದ, ಎರಡೂ ಸಿಹಿ. ಕಣ್ಣಿಗೆ, ನಾಲಿಗೆಗೆ ಸಿಗುವಂಥದ್ದಲ್ಲ. ಜಿಸಿಯಲ್ಲಿ ಹಾಕಿದರೆ ಮೊದಲು ಗ್ಲೈಕಾಲ್ ಬರುತ್ತದೆ, ಹಿಂದೆ ಗ್ಲಿಸರಿನ್, ಬೇರೆ ಬೇರೆ ಎರಡು ಪೀಕ್. ಈಗ ಗ್ಲಿಸರಿನ್‌ನಲ್ಲಿ ಅದು 0.1 ಪರ್ಸೆಂಟ್ ದಾಟಬಾರದು ಅಂತ ಲಿಮಿಟ್. ಜಸ್ಟಿಸ್ ಲೆಂಟಿನ್ ಕಮಿಷನ್ ವಿಚಾರಣೆ ನಡೆಯುವಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಪೇಪರ್‌ನಲ್ಲಿ ದಿನಾ ಅದೇ ಸುದ್ದಿ. ನಮ್ಮ ಬಾಸ್ ಆ ಪೇಪರ್ ಕತ್ತರಿಸಿ ಬ್ಯಾಲೆನ್ಸ್ ರೂಮಿನ ಗೋಡೆಗೆ ಅಂಟಿಸಿದ್ದರು.

ಜಿಸಿ_ಗೌಡ, ವೆರ್ಣಾ · ಸಂಜೆ 5:20

ಮಾಮ, ನಾವು ಈಗಲೂ ಪ್ರತಿ ಡ್ರಮ್ ಗ್ಲಿಸರಿನ್ ಅದಕ್ಕೇ ಓಡಿಸುತ್ತೇವೆ.

ಪವನ_ಭೋಸರಿ · ರಾತ್ರಿ 9:15

ಬಂದೆ. ಅಕ್ಕ, ಉಬ್ಬು ಬೆಳಗ್ಗೆಯೂ 2.5, ಮೂರು ಗಂಟೆಗೂ 2.5. ಅಲ್ಲಾಡಿಲ್ಲ.

ಡೊಂಬಿವಿಲಿ_ಅಕ್ಕ · ರಾತ್ರಿ 9:22

ಹಾಗಾದರೆ ಪಂಪ್ ಬಚಾವ್. ಟೆಂಪರೇಚರ್. ಮಧ್ಯಾಹ್ನ ಪ್ರೆಷರ್ ಕಮ್ಮಿ ಅಂದೆಯಲ್ಲ, ಅದೂ ಅದಕ್ಕೇ, ದ್ರವ ಬಿಸಿಯಾದರೆ ತೆಳು. ಒಂದು ಡಿಗ್ರಿಗೆ ರಿಟೆನ್ಶನ್ ಟೈಮ್ ನೂರಕ್ಕೆ ಒಂದು ಎರಡರಷ್ಟು ಇಳಿಯುತ್ತದೆ. 9.4ರಿಂದ 8.6 ಅಂದರೆ ಎಂಟೂವರೆ ಪರ್ಸೆಂಟ್. ಐದಾರು ಡಿಗ್ರಿ ಏರುತ್ತಿರಬೇಕು. ಕಾಲಮ್ ಓವನ್ ಎಷ್ಟಕ್ಕೆ ಇಟ್ಟಿದ್ದೀಯಾ?

ಪವನ_ಭೋಸರಿ · ರಾತ್ರಿ 9:25

ಮೆಥಡ್‌ನಲ್ಲಿ 25. ಸ್ಕ್ರೀನ್ ಮೇಲೂ ದಿನವಿಡೀ 25 ಅಂತಲೇ ಇದೆ. ಅದಕ್ಕೇ ಟೆಂಪರೇಚರ್ ಮೇಲೆ ಅನುಮಾನ ಬರಲಿಲ್ಲ.

ಮಾಟುಂಗಾ_ಮಾಮ · ರಾತ್ರಿ 9:31

ಸ್ಕ್ರೀನ್ ತೋರಿಸುವುದು ನೀನು ಕೇಳಿದ್ದನ್ನೋ, ಇರುವುದನ್ನೋ? ಹಳೆ ಓವನ್‌ಗಳಿಗೆ ಬಿಸಿ ಮಾಡಲು ಮಾತ್ರ ಬರುತ್ತದೆ, ತಂಪು ಮಾಡಲು ಬರಲ್ಲ. ರೂಮೇ 29 ಇದ್ದರೆ ಪಾಪ ಅದು 25 ಎಲ್ಲಿಂದ ತರಬೇಕು? ನಾಳೆ ಒಂದು ಥರ್ಮಾಮೀಟರ್ ತಗೊಂಡು ಕಾಲಮ್ ಪಕ್ಕ ಟೇಪ್ ಹಾಕಿ ಅಂಟಿಸು.

ಪವನ_ಭೋಸರಿ · ಗುರುವಾರ, ಸಂಜೆ 6:50

ಮಾಮ, ಕಾಲಿಗೆ ಬೀಳುತ್ತೇನೆ.

ಕಾಲಮ್‌ಗೆ ಥರ್ಮಾಮೀಟರ್ ಕಟ್ಟಿ, ಮೇಲೆ ಹತ್ತಿ ಸುತ್ತಿ, ಓವನ್ ಬಾಗಿಲು ಹಾಕಿದೆ. ಬೆಳಗ್ಗೆ ಒಂಬತ್ತಕ್ಕೆ 25. ಹನ್ನೆರಡೂವರೆಗೆ 28. ಮೂರಕ್ಕೆ 31! ಸ್ಕ್ರೀನ್‌ನಲ್ಲಿ ದೊಡ್ಡ ಅಕ್ಷರದಲ್ಲಿದ್ದ 25 ಸೆಟ್ ಮಾಡಿದ್ದು, ಪಕ್ಕದಲ್ಲಿ ಇರುವೆಯಷ್ಟು ಅಕ್ಷರದಲ್ಲಿ 31 ಅಂತ ಇತ್ತು. ಎಂಟು ತಿಂಗಳಿಂದ ನೋಡೇ ಇಲ್ಲ. ರೂಮಿನ ಎರಡು ಎಸಿಗಳಲ್ಲಿ ನಮ್ಮ ಮೂಲೆಯದ್ದು ಹೋಳಿ ಹಬ್ಬದಿಂದ ಬರೀ ಗಾಳಿ ಊದುತ್ತಿದೆ, ತಂಪಿಲ್ಲ.

ಜಿಸಿ_ಗೌಡ, ವೆರ್ಣಾ · ಸಂಜೆ 6:58

ಓವನ್ 35ಕ್ಕೆ ಇಟ್ಟುಬಿಡು, ಬಿಸಿ ಮಾಡಲು ಬರುತ್ತದಲ್ಲ, ಗಟ್ಟಿಯಾಗಿ ನಿಲ್ಲುತ್ತದೆ. ಕಥೆ ಮುಗಿಯಿತು.

ಕಲಬುರಗಿ_ಕನ್ಯೆ · ಸಂಜೆ 7:04

ಗೌಡ್ರೇ, ಮೆಥಡ್‌ನಲ್ಲಿ 25 ಅಂತ ಬರೆದಿರುವಾಗ ಸುಮ್ನೆ 35 ಇಟ್ಟರೆ ಆಡಿಟ್‌ನಲ್ಲಿ ಅವನ ಕಥೆ ಮುಗಿಯುತ್ತದೆ.

ಜಿಸಿ_ಗೌಡ, ವೆರ್ಣಾ · ಸಂಜೆ 7:09

ಫಾರ್ಮಕೊಪಿಯದಲ್ಲೇ (ಔಷಧ ಪರೀಕ್ಷೆಯ ಅಧಿಕೃತ ಪುಸ್ತಕ) ಇದೆ ತಾಯಿ. ಒಂದೇ ಮಿಶ್ರಣ ಕೊನೆಯವರೆಗೆ ಓಡುವ ಮೆಥಡ್ ಆದರೆ ಕಾಲಮ್ ಟೆಂಪರೇಚರ್ 10 ಡಿಗ್ರಿ ಆಚೆ ಈಚೆ ಮಾಡಬಹುದು, ಸಿಸ್ಟಮ್ ಸೂಟಬಿಲಿಟಿ (ಯಂತ್ರ ಸರಿಯಾಗಿದೆಯಾ ಅನ್ನುವ ಪರೀಕ್ಷೆ) ಪಾಸ್ ಆದರೆ ಸಾಕು.

ಡೊಂಬಿವಿಲಿ_ಅಕ್ಕ · ಸಂಜೆ 7:30

ಅದು ಫಾರ್ಮಕೊಪಿಯದ ಮೆಥಡ್‌ಗೆ. ಇವನದ್ದು ಕಂಪನಿಯದೇ ಮೆಥಡ್ ಇದ್ದರೆ ಚೇಂಜ್ ಕಂಟ್ರೋಲ್ (ಬದಲಾವಣೆಗೆ ಲಿಖಿತ ಒಪ್ಪಿಗೆ) ಹಾಕಲೇಬೇಕು. ಪವನ, ಯಾರ ಮಾತೂ ಕೇಳಬೇಡ, ನಂದೂ ಸೇರಿ. ಥರ್ಮಾಮೀಟರ್ ರೀಡಿಂಗ್ ಮತ್ತು ಮೂರು ಕ್ರೊಮ್ಯಾಟೋಗ್ರಾಮ್ ಒಂದೇ ಕಾಗದದ ಮೇಲೆ ಹಾಕಿ ಸೀನಿಯರ್ ಮುಂದೆ ಇಡು. ಮೊದಲು ಎಸಿ ರಿಪೇರಿ ಮಾಡಿಸಲಿ. 25 ಡಿಗ್ರಿ ಅಂತ ಮೆಥಡ್ ಬರೆದವರು ಯಾವ ಊರಲ್ಲಿ ಕೂತು ಬರೆದರೋ, ಪುಣೆಯ ಮಾರ್ಚ್ ನೋಡಿಲ್ಲ.

ಬಾಲದ ಕಥೆ ಬೇರೆ. ಅದು ಟೆಂಪರೇಚರ್‌ನಿಂದ ಅಲ್ಲ. ನಿಮ್ಮ ಔಷಧ ಅಮೀನ್ ಇರುವ ಬೇಸಿಕ್ (ಕ್ಷಾರ ಗುಣದ) ಅಣುವಾ? ಸಿಲಿಕಾದ ಮೇಲೆ ಕೂದಲು ಹತ್ತದೆ ಉಳಿದ ಜಾಗಗಳು ಅಂಥವನ್ನು ಹಿಡಿದು ಎಳೆಯುತ್ತವೆ. ಗಾರ್ಡ್ ಕಾಲಮ್ (ಮುಖ್ಯ ಕಾಲಮ್ ಮುಂದೆ ಕೊಳೆ ತಡೆಯಲು ಹಾಕುವ ಸಣ್ಣ ಕಾಲಮ್) ಹಳೆಯದಾಗಿ ಕೊಳೆ ಹಿಡಿದಿದ್ದರೂ ಬಾಲ ಬರುತ್ತದೆ. ಅದನ್ನು ಯಾವಾಗ ಬದಲಾಯಿಸಿದ್ದು?

ಪವನ_ಭೋಸರಿ · ಸಂಜೆ 7:41

ಗಾರ್ಡ್ ಕಾಲಮ್ ಬದಲಾಯಿಸುತ್ತಾರಾ??

ಮಾಟುಂಗಾ_ಮಾಮ · ಸಂಜೆ 7:43

ಅಯ್ಯೋ ರಾಮ.

ಪವನ_ಭೋಸರಿ · ಮುಂದಿನ ಬುಧವಾರ, ರಾತ್ರಿ 8:35

ತಡವಾಯಿತು, ಸಾರಿ. ಎಸಿಯವನು ಸೋಮವಾರ ಬಂದ, ಗ್ಯಾಸ್ ತುಂಬಿಸಿದ. ಈಗ ಇಡೀ ದಿನ 9.4, 9.4, 9.3. ಗಾರ್ಡ್ ಕಾಲಮ್ ಹೊಸದು ಡ್ರಾಯರ್‌ನಲ್ಲೇ ಇತ್ತು, ಪ್ಯಾಕ್ ಒಡೆದಿರಲಿಲ್ಲ. ಹಾಕಿದೆ, ಟೇಲಿಂಗ್ 1.9 ಇದ್ದದ್ದು 1.4ಕ್ಕೆ ಬಂತು. ಸೀನಿಯರ್ ಏನೂ ಅನ್ನಲಿಲ್ಲ, ಚಹಾ ಕೊಡಿಸಿದರು.

ಬ್ಯಾಂಕ್_ರಾಯರು · ರಾತ್ರಿ 8:50

ಶಭಾಷ್! ಹಾಗಾದರೆ ಹೊಸ ಕಾಲಮ್ ದುಡ್ಡು ಉಳಿಯಿತು.

ಪವನ_ಭೋಸರಿ · ರಾತ್ರಿ 8:53

ಇಲ್ಲ ಸರ್. ಆರ್ಡರ್ ಶುಕ್ರವಾರವೇ ಹೋಗಿತ್ತು. ಇವತ್ತು ಬಂತು. ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.